ತಂಗಿಗೆ ನಾನು ಕಲಿಸಿದ ಸುಳ್ಳು

ನಾನು ಚಿಕ್ಕವನಿದ್ದಾಗ ನನಗೊಬ್ಬ ತಂಗಿ ಇದ್ದಳು, ಆರನೆಯ ವರ್ಷಕ್ಕೇ ಹಾವು ಕಚ್ಚಿ ತೀರಿಕೊಂಡಳು ಎಂಬುದು ನಿಮಗೆ ಗೊತ್ತು, ಮಕ್ಕಳೇ. ಪಾಪ, ಕೂಸಿಗೆ ಹಾವೆಂದು ತಿಳಿಯಲಿಲ್ಲ, ಮುಳ್ಳು ಅಂದುಕೊಂಡಿತು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತ ಬಂದಿದ್ದಾರೆ. ಆ ಮಾತು ಸುಳ್ಳು. ಅದನ್ನು ಹುಟ್ಟಿಸಿದವನು ನಾನು. ನಾನು ಓದಿದ್ದು ನಾಲ್ಕನೆಯ ಇಯತ್ತೆಯ ತನಕ, ಬರೆದು ರೂಢಿಯಿಲ್ಲ. ಆದರೂ ಇದನ್ನು ಬೇರೆಯವರ ಕೈಯಿಂದ ಬರೆಸುವಂತಿಲ್ಲ.

ಸವಣೂರಿನಿಂದ ಯಲವಿಗಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ವೀಳ್ಯದೆಲೆ ಬಳ್ಳಿಯ ತೋಟವಿತ್ತು. ತೋಟದ ಬಾಗಿಲಿಗೆ ಹೊಂದಿಕೊಂಡೇ ನಮ್ಮ ಮನೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಬಳ್ಳಿಗಳ ನಡುವೆ ಕಾಲಿಟ್ಟರೆ ತಂಪು, ಅರೆಗತ್ತಲು, ಒದ್ದೆ ಮಣ್ಣಿನ ಜೊತೆ ಹಸಿ ಎಲೆಯ ಖಾರ ವಾಸನೆ. ಅಪ್ಪನಿಗೆ ಅದು ದೇವರ ಮನೆ ಇದ್ದ ಹಾಗೆ. ಚಪ್ಪಲಿಯನ್ನು ಹೊರಗೇ ಬಿಡಬೇಕು. ಜಳಕ ಮಾಡದೆ ಯಾರೂ ಒಳಗೆ ಹೋಗುವಂತಿರಲಿಲ್ಲ, ಮೈಲಿಗೆಯಾದರೆ ಬಳ್ಳಿ ಬಾಡುತ್ತದೆಂಬ ನಂಬಿಕೆ. ಆ ವರ್ಷ ಎರಡು ಸಾಲು ಬಳ್ಳಿ ಬುಡದಲ್ಲೇ ಕೊಳೆತುಹೋಗಿತ್ತು. ಅದೇ ದಿನಗಳಲ್ಲಿ ನಾನು ಮುಖವನ್ನೂ ತೊಳೆಯದೆ ಒಳಹೊಕ್ಕು ಒಮ್ಮೆ ಸಿಕ್ಕಿಬಿದ್ದಿದ್ದೆ. ಇನ್ನೊಮ್ಮೆ ಕಂಡರೆ ಎತ್ತಿಗೆ ಹೊಡೆಯುವ ಬಾರಕೋಲು ನಿನ್ನ ಬೆನ್ನಿಗೆ ಎಂದು ಅಪ್ಪ ಹೇಳಿಬಿಟ್ಟಿದ್ದ.

ಆ ದಿನ ಬೆಳಿಗ್ಗೆ ಅಪ್ಪ ಎಲೆಯ ಪೆಂಡಿಗಳನ್ನು ಚಕ್ಕಡಿಗೆ ಹೇರುತ್ತಿದ್ದ. ಅವನ್ನು ಯಲವಿಗಿ ಸ್ಟೇಷನ್ನಿಗೆ ಮುಟ್ಟಿಸಿ ರೈಲಿಗೆ ಹಾಕಬೇಕಿತ್ತು. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ತೋಟದ ಆ ತುದಿಗೆ, ಬಾವಿಯ ಹತ್ತಿರ, ಒಂದು ಪೇರಲ ಗಿಡ. ಅದರಲ್ಲೊಂದು ಹಣ್ಣು ಹಳದಿಗೆ ತಿರುಗಿದ್ದನ್ನು ನಾನು ಹಿಂದಿನ ದಿನವೇ ನೋಡಿಟ್ಟಿದ್ದೆ. ಗಿಳಿ ಕಚ್ಚುವುದರೊಳಗೆ ಹರಿದು ತರೋಣವೆಂದು ತಂಗಿಯನ್ನು ಕರೆದೆ. ಇಬ್ಬರದೂ ಜಳಕವಾಗಿರಲಿಲ್ಲ. ಕರೆದವನು ನಾನೇ ಆದರೂ ಬಾಗಿಲಲ್ಲಿ ಹಿಂದೆ ಮುಂದೆ ನೋಡುತ್ತ ನಿಂತೆ. ಅವಳು ಲಂಗ ಎತ್ತಿ ಹಿಡಿದು ನನ್ನನ್ನು ದಾಟಿ ನಡೆದಳು.

"ಅಂಜುಬುರುಕ ಅಣ್ಣ, ನನ್ನ ಹಿಂದ ಬಾ" ಎಂದು ನಕ್ಕಳು.

ಪೆಂಡಿ ಕಟ್ಟಲು ತಂದ ಒಣ ಬಾಳೆ ಎಲೆಯ ರಾಶಿ ದಾರಿಯಲ್ಲಿತ್ತು. ಅವಳು ಅದರ ಅಂಚನ್ನು ತುಳಿದಳು. ಸರಕ್ಕನೆ ಸದ್ದಾಯಿತು. ಕರಿ ಮೈಯ, ಬಿಳಿ ಪಟ್ಟೆಯ ಸಣ್ಣದೊಂದು ಹಾವು ರಾಶಿಯಿಂದ ಹೊರಬಿದ್ದು ಕಾಲುವೆಯ ಕಡೆ ಹರಿದುಹೋಯಿತು. ಇಬ್ಬರೂ ನೋಡಿದೆವು. ಅವಳು ಅಳಲಿಲ್ಲ. ಕಾಲೆತ್ತಿ ನೋಡಿಕೊಂಡಳು. ಹಿಮ್ಮಡಿಯ ಪಕ್ಕ ಎರಡು ಚುಕ್ಕೆ. ಬಾವು ಇಲ್ಲ, ರಕ್ತವೂ ಇಲ್ಲ.

"ಅಣ್ಣಾ, ಹಾವು ಕಡೀತು. ಅಪ್ಪಗ ಹೇಳೂಣು."

ನನ್ನ ಕಣ್ಣಿಗೆ ಕಟ್ಟಿದ್ದು ಬಾರಕೋಲು. ಅದು ನೀರಹಾವು, ಏನೂ ಆಗುವುದಿಲ್ಲ ಎಂದೆ. ಹಾಗೆ ಹೇಳುವಾಗ ನಾನೂ ಅರ್ಧ ನಂಬಿದ್ದೆ.

"ಹಾವು ಅಂದ್ರ ಎಲ್ಲಿಗೆ ಹೋಗಿದ್ರಿ ಅಂತ ಕೇಳ್ತಾನ. ಮುಳ್ಳು ಅನ್ನು" ಎಂದು ಕಲಿಸಿಕೊಟ್ಟೆ. ಅವಳು ನನ್ನ ಮುಖವನ್ನೇ ನೋಡಿ ತಲೆಯಾಡಿಸಿದಳು.

ಅಂಗಳಕ್ಕೆ ಬಂದಾಗ ಅಪ್ಪ ಕೊನೆಯ ಪೆಂಡಿಗೆ ಹಗ್ಗ ಬಿಗಿಯುತ್ತಿದ್ದ.

"ಯಾಕ ಯವ್ವಾ, ಕುಂಟಾಕತ್ತಿ?"

ಅವಳು ಒಮ್ಮೆ ನನ್ನ ಕಡೆ ತಿರುಗಿದಳು. "ಮುಳ್ಳ ಚುಚ್ಚೇತಿ ಅಪ್ಪಾ."

"ಮನ್ಯಾಗ ಮೆತ್ತನ ಕಾಲು ಯಾರದು ಅಂತ ಮುಳ್ಳಿಗೂ ಗೊತ್ತಾತು ನೋಡು" ಎಂದು ಅಪ್ಪ ನಕ್ಕ. ಪಿನ್ನು ತಗೊಂಡು ತೆಗೆದು ಹಾಕು ಎಂದು ನನಗೆ ಹೇಳಿ ಚಕ್ಕಡಿ ಹತ್ತಿದ.

ಒಂದು ಕೂಗು ಹಾಕಿದ್ದರೆ ಸಾಕಿತ್ತು. ಎಲೆಯನ್ನು ಅಲ್ಲೇ ಚೆಲ್ಲಿ, ಅದೇ ಚಕ್ಕಡಿಯಲ್ಲಿ ಅವಳನ್ನು ಸವಣೂರಿನ ದವಾಖಾನೆಗೆ ಒಯ್ಯಬಹುದಿತ್ತು. ಎತ್ತುಗಳ ಕೊರಳ ಗೆಜ್ಜೆ ರಸ್ತೆಗೆ ಇಳಿದು ಯಲವಿಗಿಯ ಕಡೆ ತಿರುಗಿತು. ಈಗ ಕೂಗುತ್ತೇನೆ, ಈಗ ಕೂಗುತ್ತೇನೆ ಎಂದುಕೊಳ್ಳುತ್ತಲೇ ಆ ಸದ್ದು ಪೂರ್ತಿ ಅಡಗುವ ತನಕ ನಿಂತಿದ್ದೆ.

ಆಮೇಲೆ ನಾನು ಅವಳನ್ನು ಬಿಟ್ಟು ಅಲುಗಲಿಲ್ಲ. ಓಡು ಎಂದೆ, ಓಡಿದಳು. ಕುಣಿ ಎಂದೆ, ಕುಣಿದಳು. ನನ್ನ ಎದೆ ಸ್ವಲ್ಪ ಹಗುರಾಯಿತು. ಹೊತ್ತು ಏರಿದಾಗ ಹೊಟ್ಟೆ ನೋಯುತ್ತದೆ ಎಂದು ಅವ್ವನ ಬಳಿ ಹೋಗಿ ರೊಟ್ಟಿ ಬೇಡವೆಂದಳು. ಅವ್ವ ಬೈಯುತ್ತಲೇ ಕೌದಿ ಹಾಸಿ ಮಲಗಿಸಿದಳು. ನಾನು ತಲೆದೆಸೆಯಲ್ಲಿ ಕುಳಿತೆ. ನಿದ್ದೆ ಬಂದವರ ಹಾಗೆ ಅವಳ ರೆಪ್ಪೆ ಜೋತುಬೀಳುತ್ತಿತ್ತು, ಆದರೆ ಅವಳಿಗೆ ನಿದ್ದೆ ಬಂದಿರಲಿಲ್ಲ.

"ಅಣ್ಣಾ, ನೀ ಇಬ್ಬರು ಕಾಣಾಕತ್ತಿ" ಎಂದಳು. ಅದು ಅವಳಿಗೆ ತಮಾಷೆ ಎನಿಸಿ ನಗಲು ನೋಡಿದಳು. ತುಟಿ ಏಳಲಿಲ್ಲ.

ಆಗಲೂ ನಾನು ಬಾಯಿ ಬಿಡಲಿಲ್ಲ. ಅವ್ವ ಮಜ್ಜಿಗೆ ತಂದು ಕುಡಿಸಿದಳು. ಅದು ಗಂಟಲಿಗೆ ಇಳಿಯದೆ ಬಾಯಿಯ ಅಂಚಿನಿಂದ ಹೊರಗೆ ಹರಿದು ಕೌದಿಯ ಮೇಲೆ ಬಿತ್ತು. ಅದನ್ನು ಕಂಡ ಮೇಲೆ ನಾನು ಹಾವು ಎಂದೆ. ಯಾವಾಗ ಎಂದು ಅವ್ವ ಕೇಳಿದಳು. ಕಡೆಗೆ ಅಲ್ಲಾದರೂ ನಿಜ ಹೇಳಬಹುದಿತ್ತು.

"ನನಗೂ ಮುಳ್ಳ ಅಂತನ ಹೇಳಿದ್ಲು. ಹಾವು ಅಂತ ಈಗ ಹೇಳಿದ್ಲು" ಎಂದೆ.

ತಂಗಿಯ ಕಣ್ಣು ಮುಚ್ಚಿತ್ತು. ಆದರೆ ಅವಳ ಬೆರಳು ನನ್ನ ಕೈಯೊಳಗಿತ್ತು, ಬಿಗಿ ಇನ್ನೂ ಸಡಿಲಾಗಿರಲಿಲ್ಲ. ಆ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಪಕ್ಕದ ತೋಟದ ಚಾಚಾ ಸೈಕಲ್ ತಂದ. ಅವ್ವ ಅವಳನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತಳು. ನಾನು ಓಡಿದೆ. ಕಚ್ಚಿ ಎಷ್ಟು ಹೊತ್ತಾಯಿತೆಂದು ಡಾಕ್ಟರು ಕೇಳಿದರಂತೆ, ಅವ್ವನಿಗೆ ಹೇಳಲಾಗಲಿಲ್ಲ. ನಾನು ಏದುಸಿರು ಬಿಡುತ್ತ ದವಾಖಾನೆ ಮುಟ್ಟಿದಾಗ ಚಾಚಾ ಬಾಗಿಲಲ್ಲೇ ನನ್ನನ್ನು ತಡೆದು ತನ್ನ ಎದೆಗೆ ಒತ್ತಿಕೊಂಡ. ಒಳಗೆ ಬಿಡಲಿಲ್ಲ.

ಸುದ್ದಿ ಮುಟ್ಟಿ ಅಪ್ಪ ಬಂದ. ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, "ಅಕಿ ನನಗ ಅಂಜಿ ಮುಚ್ಚಿಟ್ಲು. ನಿನಗರ ಹೇಳಬೇಕಿತ್ತಲ್ಲೋ" ಎಂದ. ನಾನು ತಲೆ ತಗ್ಗಿಸಿದೆ. ಅದನ್ನು ಅಪ್ಪ ದುಃಖವೆಂದು ತಿಳಿದ.

ಆಮೇಲೆ ಅಪ್ಪ ಬಾರಕೋಲು ಹಿಡಿಯಲಿಲ್ಲ. ಬಾಯಿಮಾತಿನಲ್ಲೇ ಎತ್ತು ನಡೆಸಿದ. ಊರವರು ಆಡಿಕೊಂಡರೂ ಲೆಕ್ಕಿಸದೆ, ತೋಟಕ್ಕೆ ಯಾರಾದರೂ ಬರಲಿ, ಹೇಗಾದರೂ ಬರಲಿ ಎಂದು ಬಿಟ್ಟುಬಿಟ್ಟ. ತನಗೆ ಅಂಜಿದ್ದೇ ಮಗಳನ್ನು ಕೊಂದಿತೆಂದು ನಂಬಿ ಇನ್ನೂ ಮೂವತ್ತು ವರ್ಷ ಬದುಕಿದ. ಅವನನ್ನು ಸಮಾಧಾನ ಮಾಡಲು ಉಳಿದವರು ಕೂಸಿಗೆ ಹಾವೆಂದು ತಿಳಿಯಲಿಲ್ಲ ಎನ್ನುತ್ತಿದ್ದರು, ಮನೆಯಲ್ಲಿ ಆ ಮಾತೇ ಉಳಿಯಿತು. ಅವನಿಗೂ ಸ್ವಲ್ಪ ಪಾಲಿತ್ತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡದ್ದುಂಟು. ಆದರೆ ಅವಳು ಅಪ್ಪನಿಗೆ ಅಂಜಿರಲಿಲ್ಲ, ಹೇಳೋಣ ಎಂದಿದ್ದಳು. ಆ ಒಂದು ಮಾತು ತಿಳಿಸಿದ್ದರೆ ಅಪ್ಪನ ಭಾರ ಇಳಿಯುತ್ತಿತ್ತು. ಅವನ ಕೊನೆಯ ಕಾಯಿಲೆಯಲ್ಲಿ ಹತ್ತಿರ ಕುಳಿತು ಕಾಲು ಒತ್ತಿದೆ, ಔಷಧ ಕುಡಿಸಿದೆ, ಇದೊಂದನ್ನು ಹೇಳಲಿಲ್ಲ.

ನೀವು ಬೂಟು ಹಾಕಿಕೊಂಡೇ ತೋಟದಲ್ಲಿ ಓಡಾಡುತ್ತೀರಿ. ಫೋನು ಮಾಡಿದರೆ ಆಂಬುಲೆನ್ಸ್ ನಮ್ಮ ಬಾಗಿಲಿಗೆ ಬರುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಮೊನ್ನೆ ಸಣ್ಣ ಮೊಮ್ಮಗಳು ಮೋಟರಿನ ಪೈಪು ಒಡೆದು, ನೀರಿನ್ನೂ ಚಿಮ್ಮುತ್ತಿರುವಾಗಲೇ ತನ್ನ ಅಪ್ಪನ ಎದುರು ಹೋಗಿ, "ನಾನ ಒಡದೇನಿ" ಎಂದಳು. ಬೈಸಿಕೊಂಡಳು, ಅತ್ತಳು, ಊಟದ ಹೊತ್ತಿಗೆ ಅದೇ ಅಪ್ಪನ ತಟ್ಟೆಯಲ್ಲಿ ಕೈ ಹಾಕಿದಳು. ಅಷ್ಟು ಸುಲಭವಿತ್ತು ಅದು. ನಾನು ಒಳಗೆ ಹೋಗಿ ಈ ನೋಟುಬುಕ್ಕು ಹುಡುಕಿದೆ.

ಇನ್ನು ಮುಂದೆ ಯಾರಾದರೂ ಕೇಳಿದರೆ, ಆ ಕೂಸಿಗೆ ತಿಳಿಯಲಿಲ್ಲ ಎನ್ನಬೇಡಿ. ಅವಳಿಗೆ ತಿಳಿದಿತ್ತು. ಅವಳು ಅಣ್ಣನ ಮಾತು ಕೇಳಿದಳು.