ಪಕೀರಪ್ಪ ಜೀಪು ಎತ್ತರಿಸಿದ್ದು

ನನ್ನ ಮೈದುನ ಪಕೀರಪ್ಪ ಮಾತಾಡುವಾಗ ಪ್ರತಿ ಮಾತಿನ ಬಾಲ ನುಂಗಿಬಿಡುತ್ತಿದ್ದ. ಹುಟ್ಟಿದಾಗಿನಿಂದಲೂ ಅವಸರದವನು. ನಾನು ಹುಲಿಹೈದರದಿಂದ ನವಲಿಯ ಈ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಓಡುತ್ತ ಉಣ್ಣುತ್ತಿದ್ದ, ಉಣ್ಣುತ್ತ ಮಾತಾಡುತ್ತಿದ್ದ. ಅವನು ಹೇಳಿದ್ದು ತಿಳಿಯಬೇಕಾದರೆ ಕಿವಿಯಷ್ಟೇ ಸಾಲದು, ಬಾಯಿಯ ಕಡೆಗೂ ನೋಡುತ್ತಿರಬೇಕಿತ್ತು.

ನಮ್ಮ ಮಾವ ಮುದಿಯಪ್ಪನವರು ಒಕ್ಕಲುತನ ಬಿಟ್ಟರೆ ಬೇರೆ ಲೋಕ ಕಂಡವರಲ್ಲ. ದೊಡ್ಡ ಮಗ, ಅಂದರೆ ನಮ್ಮ ಮನೆಯವರು, ಅವರ ಹಿಂದೆಯೇ ಹೊಲಕ್ಕೆ ಹೋದರು. ಪಕೀರಪ್ಪ ಮಾತ್ರ ಕಾಲುವೆ ಕೆಲಸಕ್ಕೆ ಬಂದ ಲಾರಿಯೊಂದರ ಕ್ಲೀನರನಾಗಿ ಹತ್ತಿ ಹೋದ. ಮೀಸೆ ಬಂದ ಮೇಲೆ ಡ್ರೈವರನಾಗಿ ತಿರುಗಿ ಬಂದ. ಮನೆಯ ಜೋಡೆತ್ತುಗಳಿಗೆ ವಯಸ್ಸಾಗಿತ್ತು. ಅವನ್ನು ಮಾರಿ ಬೇರೆ ಜೋಡಿ ತರಬೇಕೆಂದು ಮಾವ ಲೆಕ್ಕ ಹಾಕಿದ್ದರು. ಪಕೀರಪ್ಪ ಕಾಡಿಬೇಡಿ, ಎತ್ತು ಮಾರಿದ ದುಡ್ಡಿಗೆ ತನ್ನ ದುಡಿಮೆಯನ್ನೂ ಸೇರಿಸಿ, ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಜೀಪೊಂದನ್ನು ಮನೆಗೆ ತಂದ. ಇದು ಎಂಬತ್ತರ ಸುಮಾರಿನ ಮಾತು.

ಹಿಂದಿನ ಸೀಟು ಕಿತ್ತು ಅಲ್ಲಿ ಸಾಮಾನು ಹೇರಲು ಕಬ್ಬಿಣದ ತೊಟ್ಟಿ ಕೂರಿಸಿದ್ದ. ಸಣ್ಣದೊಂದು ಗೇರು ಎಳೆದರೆ ಮುಂದಿನ ಗಾಲಿಗಳೂ ಎಳೆಯುತ್ತಿದ್ದವು. ಭತ್ತದ ಸಸಿಯ ಕಟ್ಟು, ಗೊಬ್ಬರದ ಚೀಲ, ನಾಟಿ ಹಚ್ಚುವ ಹೆಣ್ಣಾಳುಗಳು, ದಿನ ತುಂಬಿದ ಬಸುರಿಯರು, ಎಲ್ಲರನ್ನೂ ಅದರಲ್ಲಿ ಹೊತ್ತ. ಯಾರಾದರೂ ಕೈ ಅಡ್ಡ ಮಾಡಿದರೆ ಒಲ್ಲೆನೆಂದವನಲ್ಲ.

"ಗಾಡಿ ತುಂಬೇತಿ ಅನ್ನಾಕ ಇವರಿಗೆ ನಾಲಿಗಿ ಹೊಳ್ಳೂದಿಲ್ಲ" ಎಂದು ಅವನ ಹೆಂಡತಿ ಶಾಂತಕ್ಕ ಬೈಯುತ್ತಿದ್ದಳು. "ಬಾಗಿಲಾಗ ನಾ ನಿಂತು ಕೈ ಮಾಡಿದ್ರ ಮಾತ್ರ ಕಾಣೂದಿಲ್ಲ."

ಜೀಪು ಕೆಸರಿಗೆ ಹೆದರುತ್ತಿರಲಿಲ್ಲ. ಅದಕ್ಕಿದ್ದ ಕಂಟಕ ಬೇರೆ. ಕಾಲುವೆ ನೀರು ಬಂದು ಎಲ್ಲರೂ ಭತ್ತ ಹಚ್ಚತೊಡಗಿದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿ ಕಟ್ಟಿಕೊಂಡೇ ದಾರಿಗಿಳಿಯುತ್ತಿದ್ದವು. ಎರೆಮಣ್ಣಿನ ದಾರಿಯಲ್ಲಿ ಎರಡು ಕಡೆಯೂ ಆಳದ ಕೊರಕಲು ಬಿದ್ದು ನಡುವೆ ದಿಂಡು ಎದ್ದು ನಿಲ್ಲುತ್ತಿತ್ತು. ಜೀಪಿನ ಗಾಲಿ ಕೊರಕಲಿಗೆ ಇಳಿದರೆ ಹೊಟ್ಟೆ ದಿಂಡಿನ ಮೇಲೆ ಕೂತುಬಿಡುತ್ತಿತ್ತು. ಗಾಲಿಗಳು ಗಾಳಿಯಲ್ಲಿ ತಿರುಗುವವು. ನಾವು ಇಳಿದು ದಬ್ಬಬೇಕು.

ಆ ವರ್ಷ ನಾಟಿಯ ಹೊತ್ತಿಗೆ ಹೀಗೆ ಎರಡು ಸಲ ಕೂತಿತು. ಎರಡನೆಯ ಸಲ ಸಸಿ ಬಿಸಿಲಿಗೆ ಬಾಡಿ ಒಂದು ಮಡಿ ನಾಟಿಯೇ ತಪ್ಪಿತು. ಅಂದು ಸಂಜೆ ಮಾವ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತ ಸಾವಕಾಶ ಹೇಳಿದರು.

"ಲೇ ಪಕೀರಾ, ಇನ್ನೊಂದು ಸಲ ಇದು ದಾರ್ಯಾಗ ಕುಂತ್ರ ನಾ ಮಾರಾವನ. ನನ್ನ ಎತ್ತು ನನಗ ಬೇಕು."

"ಯಪ್ಪಾ, ಸ್ವಲ್ಪ ಎತ್ತರ ಮಾಡಿಸಿದ್ರ ಮುಗೀತು."

"ಮಾಡಸು. ನಾ ಬ್ಯಾಡಂದೇನು? ಕುಂತ್ರ ಮಾತ್ರ ಮಾರತೀನಿ."

ಮಾವ ದನಿ ಏರಿಸಿ ಹೇಳಿದ್ದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಮೆಲ್ಲಗೆ ಹೇಳಿದ್ದರಿಂದ ಪಕೀರಪ್ಪನಿಗೆ ಅಂದು ಊಟ ಸೇರಲಿಲ್ಲ. ಜೀಪು ಹೋದರೆ ಅವನು ಮತ್ತೆ ಇನ್ನೊಬ್ಬರ ಲಾರಿ ಹತ್ತಬೇಕು, ಊರು ಬಿಟ್ಟು ತಿರುಗಬೇಕು. ಮದುವೆಯಾಗಿ ಇನ್ನೂ ಎರಡು ಉಗಾದಿ ಕಳೆದಿರಲಿಲ್ಲ.

ಮರುದಿನ ಬಳೆಗಾರ್ತಿ ಮಾಶಾಬಿ ನಮ್ಮ ಓಣಿಗೆ ಬಂದಳು. ಗಂಗಾವತಿಯವಳು. ಬಳೆಯ ಜೊತೆಗೆ ಊರಿಂದೂರಿಗೆ ಸುದ್ದಿಯನ್ನೂ ಹೊತ್ತು ತಿರುಗುವವಳು. ಗಂಗಾವತಿಯ ಗ್ಯಾರೇಜಿನಲ್ಲಿ ಹೊನ್ನೂರಪ್ಪನೆಂಬ ಮೇಸ್ತ್ರಿ ಇದ್ದ. ಅವನು ಸಾಮಾನು ತೆಗೆದಿಟ್ಟಿರಲಿ ಎಂದು ಪಕೀರಪ್ಪ ಮುಂಚಿತವಾಗಿ ಹೇಳಿಕಳಿಸಿದ. ಜೀಪು ಚಾಲೂ ಮಾಡಿ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡೇ ಕೂಗಿದ.

"ಮಾಶಾಬಿ, ಹೊನ್ನೂರಪ್ಪಗ ಹೇಳಬೇ, ನವಲಿ ಪಕೀರಪ್ಪಗ ಗಾಡಿ ಎತ್ತಬೇಕಂತ. ಒಂದು ಗೇಣು ಎತ್ತರ. ಲಗೂ ಆಗಬೇಕಂತ ಹೇಳು!"

ಎಂಜಿನ್ನಿನ ಸದ್ದಿನಲ್ಲಿ ಅವನ ಮಾತಿನ ಬಾಲ ಎಂದಿನಂತೆ ಹೊಟ್ಟೆಗೆ ಹೋಯಿತು. ಮಾಶಾಬಿ ನನ್ನ ಕೈಗೆ ಬಳೆ ಏರಿಸುತ್ತಲೇ ತಲೆ ಅಲ್ಲಾಡಿಸಿದಳು.

ಎರಡು ದಿನ ಬಿಟ್ಟು ಮುಂಜಾನೆ, ಪಕೀರಪ್ಪ ಗೊಬ್ಬರ ತರಲು ಹೋದ ಹೊತ್ತಿನಲ್ಲಿ, ನಮ್ಮ ಅಂಗಳದಲ್ಲಿ ಗಂಟೆ ಸದ್ದಾಯಿತು. ಹೊರಗೆ ಬಂದು ನೋಡಿದರೆ ಆನೆಯಂಥ ಎರಡು ಬಿಳಿ ಎತ್ತು. ಅವುಗಳ ಹಗ್ಗ ಹಿಡಿದು ನಿಂತವನು ಹೊನ್ನೂರಪ್ಪನೇ. ಆದರೆ ಗ್ಯಾರೇಜಿನ ಹೊನ್ನೂರಪ್ಪನಲ್ಲ, ಗಂಗಾವತಿಯ ದನದ ಸಂತೆಯ ದಲಾಲಿ ಹೊನ್ನೂರಪ್ಪ. ನಮ್ಮ ಕಡೆ ಹೊನ್ನೂರಸ್ವಾಮಿಗೆ ಹರಕೆ ಹೊತ್ತು ಹುಟ್ಟಿದ ಗಂಡುಮಕ್ಕಳಿಗೆಲ್ಲ ಅದೇ ಹೆಸರು.

"ಮುದಿಯಪ್ಪಣ್ಣಾ, ನಿನ್ನ ಮಗ ಎಂಥಾ ಹಟದಾಂವ! ಗಾಡಿ ಎತ್ತ ಬೇಕು, ಉಳಿದವಕ್ಕಿಂತ ಒಂದು ಗೇಣು ಎತ್ತರದ್ದ ಬೇಕು ಅಂತ ಹೇಳಿಕಳಿಸ್ಯಾನ. ಅಷ್ಟು ಎತ್ತರದ್ದು ಹುಡುಕಾಕ ನನ್ನ ಕೆರ ಹರದು ಹೋದ್ವು."

ನನಗೆ ಅಲ್ಲಿಯೇ ತಿಳಿಯಿತು. ನಮ್ಮ ಬಾಯಲ್ಲಿ ಎತ್ತು ಅನ್ನುವುದು ಎತ್ತ ಆಗುತ್ತದೆ. ಗಾಡಿ ಎತ್ತಬೇಕು ಅಂದದ್ದು ಗಾಡಿಗೆ ಎತ್ತ ಬೇಕು ಆಗಿ ಹೋಗಿತ್ತು. ಹೇಳಲು ಬಾಯಿ ತೆರೆದೆ. ಆದರೆ ಮಾವನ ಮುಖ ನೋಡಿ ಸುಮ್ಮನಾದೆ. ಅವರು ಎತ್ತಿನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಎಷ್ಟೋ ದಿನಕ್ಕೆ ಅವರ ಬೆನ್ನು ನೆಟ್ಟಗಾಗಿತ್ತು.

"ಶಾಂತಕ್ಕಾ, ಅರಿಷಿಣ ಕುಂಕುಮ ತಾರವ್ವಾ! ಹುಡುಗಗ ಬುದ್ಧಿ ಬಂತು!"

ಶಾಂತಕ್ಕ ಗಾಬರಿಯಾಗಿ ನನ್ನ ಕಡೆ ನೋಡಿದಳು. ಹಿರಿಯರು ಹೇಳಿದ್ದೆಂದು ಎತ್ತುಗಳ ಕಾಲಿಗೆ ನೀರು ಹಾಕಿ ಹಣೆಗೆ ಕುಂಕುಮ ಹಚ್ಚಿದಳು. ಆ ಹೊತ್ತಿಗೆ ಸರಿಯಾಗಿ ಪಕೀರಪ್ಪನ ಜೀಪು ಬಂದು ನಿಂತಿತು. ಕೆಳಗಿಳಿದವನು ಎತ್ತು ನೋಡಿದ, ದಲಾಲಿಯನ್ನು ನೋಡಿದ, ಹೆಂಡತಿಯ ಕೈಯ ಆರತಿ ತಟ್ಟೆ ನೋಡಿದ.

"ಯಾರ್ದು ಇವು?"

"ನಿನ್ನವ" ಎಂದ ದಲಾಲಿ. "ನೀ ಹೇಳಿದ್ಹಂಗ ಗೇಣು ಎತ್ತರ. ಬೇಕಾದ್ರ ಅಳತಿ ಮಾಡು."

ಪಕೀರಪ್ಪನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಬಾನೆಟ್ ಹಿಡಿದು ಕೂತು ನಗತೊಡಗಿದ. ನಾವೂ ನಕ್ಕೆವು. ಮಾವ ನಗಲಿಲ್ಲ.

"ತಪ್ಪೋ ಸರಿಯೋ, ಮನಿ ಅಂಗಳಕ್ಕ ಬಂದಾವ" ಎಂದರು. "ಪೂಜಿ ಆಗೇತಿ. ಮುಂದಿನ ಸಂತಿತನಕ ಇಲ್ಲೇ ಇರ್ಲಿ. ಅಷ್ಟರಾಗ ಜೀಪು ದಿಂಡ ದಾಟಿದ್ರ ಹೊನ್ನೂರಪ್ಪ ಎತ್ತು ಹೊಡಕೊಂಡು ಹೋಗ್ಲಿ. ಕುಂತ್ರ ಜೀಪು ಹೊಡಕೊಂಡು ಹೋಗ್ಲಿ."

ದಲಾಲಿಗೆ ಎರಡೂ ಸಮ್ಮತ. "ಜೀಪಿಗಿ ಹುಲ್ಲು ಹಾಕೂ ಖರ್ಚಿಲ್ಲ ಬಿಡ್ರಿ" ಎಂದು ನಗುತ್ತ ಎಲೆ ಅಡಿಕೆ ಹಾಕಿಕೊಂಡು ಹೋದ. ಪಕೀರಪ್ಪನ ನಗು ಮಾತ್ರ ಅಲ್ಲಿಗೇ ನಿಂತಿತು.

ಮರುದಿನ ಅವನೇ ಗ್ಯಾರೇಜಿಗೆ ಹೋಗಿ ಮೇಸ್ತ್ರಿ ಹೊನ್ನೂರಪ್ಪನನ್ನು, ಅವನ ಸಾಮಾನಿನ ಸಮೇತ, ಊರಿಗೆ ಕರೆತಂದ. ಮೇಸ್ತ್ರಿ ಬೇವಿನ ನೆರಳಿನಲ್ಲಿ ಚಾಪೆ ಹಾಸಿ ಕೂತು ವಿಚಾರ ಮುಂದಿಟ್ಟ. ಎತ್ತರ ಮಾಡಲು ಮೂರು ದಾರಿ. ದೊಡ್ಡ ಟೈರು ಹಾಕುವುದು ಒಂದು. ಅಚ್ಚಿಗೂ ಪಾಟಾಕ್ಕೂ ನಡುವೆ ಕಬ್ಬಿಣದ ತುಂಡು ಇಟ್ಟು ಬಿಗಿಯುವುದು ಇನ್ನೊಂದು. ಪಾಟಾ ಅಂದರೆ ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳು. ಬಿಲ್ಲಿನಂತೆ ಬಾಗಿರುತ್ತವೆ. ಆ ಪಟ್ಟಿಗಳನ್ನೇ ಹೆಚ್ಚು ಮಾಡಿ ಬಾಗು ಹೆಚ್ಚಿಸುವುದು ಮೂರನೆಯದು.

"ದೊಡ್ಡ ಟೈರ ಹಾಕು" ಎಂದ ಪಕೀರಪ್ಪ. "ಮಿಲಿಟರಿ ಲಾರಿದು. ಒಂದು ಗೇಣು ಎತ್ತರ ಆದ್ರ ದೂರದಿಂದ ಕಾಣಬೇಕು."

"ಹೌದ್ಹೌದು, ಕಾಣ್ಲಿ" ಎಂದಳು ಒಳಗಿನಿಂದ ಶಾಂತಕ್ಕ. "ನಾವು ನಿಚ್ಚಣಿಕಿ ಹಚ್ಚಿ ಹತ್ತತೀವಿ."

ನಾಟಿ ಗುಂಪಿನ ಹಿರಿಯಳು ಮುದುಕವ್ವ ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಅವಳಿಗೆ ಮೊಣಕಾಲು ನೋವು. "ಯಪ್ಪಾ ಪಕೀರಾ, ಈಗಿದ್ದುದನ್ನ ಹತ್ತಾಕ ಇಬ್ಬರು ನನ್ನ ಹಿಂದಿನಿಂದ ದಬ್ಬತಾರ. ಗೇಣು ಎತ್ತರ ಮಾಡಿದ್ರ ಚೀಲ ಒಗದಂಗ ಒಗೀಬೇಕಾಗತೈತಿ ನೋಡು."

ಮೇಸ್ತ್ರಿ ನಕ್ಕು ಕೇಳಿದ. "ಅದಿರ್ಲಿ ಪಕೀರಣ್ಣ, ದಿಂಡಿಗೆ ಹಚ್ಚೂದು ಏನು? ಗಾಡಿ ಹೊಟ್ಟಿನೋ, ಅಚ್ಚಿನ ನಡುವಿನ ಗೇರಿನ ಗುಂಡೋ? ಗುಂಡು ಹಚ್ಚತಿದ್ರ ಟೈರ ದೊಡ್ಡದಾಗಬೇಕು. ಪಾಟಾ ಎಷ್ಟು ಏರಿಸಿದ್ರೂ ಅಚ್ಚು ಇದ್ದಲ್ಲೇ ಇರತೈತಿ, ಗುಂಡು ಏರೂದಿಲ್ಲ. ಹೊಟ್ಟಿ ಹಚ್ಚತಿದ್ರ ಪಾಟಾ ಸಾಕು."

ಜೀಪು ಕೂತಾಗಲೆಲ್ಲ ಪಕೀರಪ್ಪ ಸ್ಟೇರಿಂಗ್ ಹಿಡಿದು ಮೇಲೆ ಇದ್ದವನು. ನಮ್ಮನ್ನು ಕೇಳಿದ. ದಬ್ಬುವಾಗ ಕಣ್ಣಿಗೆ ಕೆಸರು ಸಿಡಿಯುತ್ತಿತ್ತು, ನಾವು ಕಣ್ಣು ಮುಚ್ಚಿಕೊಂಡೇ ದಬ್ಬಿದ್ದೆವು. ಒಬ್ಬಳು ಗುಂಡು ಅಂದಳು, ಇನ್ನೊಬ್ಬಳು ಹೊಟ್ಟೆ ಅಂದಳು.

ಅಷ್ಟು ಹೊತ್ತು ಎತ್ತಿನ ಮೈ ತಿಕ್ಕುತ್ತಿದ್ದ ಮಾವ ಅಲ್ಲಿಗೆ ಬಂದರು. ತಲೆಯ ಪಟಗ ತೆಗೆದು ಮುದುಕವ್ವನ ಕೈಗೆ ಕೊಟ್ಟು, ಧೋತರ ಎತ್ತಿ ಕಟ್ಟಿ, ಜೀಪಿನ ಕೆಳಗೆ ಅಂಗಾತ ಸರಿದರು. ಎರಡು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು.

"ಯಪ್ಪಾ, ಎಣ್ಣಿ ಸೋರತೈತಿ, ಮಾರಿ ಮ್ಯಾಲೆ ಬೀಳತೈತಿ!"

"ಬೀಳ್ಲಿ. ಸುಮ್ಮನಿರು."

ಸ್ವಲ್ಪ ಹೊತ್ತಿಗೆ ಒಳಗಿನಿಂದ ಮಾತು ಬಂತು. "ಲೇ ಮೇಸ್ತ್ರಿ, ನಿನ್ನ ಗುಂಡಿನ ಮ್ಯಾಲೆ ವರ್ಷದ ಜಿಡ್ಡು ಹಂಗ ಕುಂತೈತಿ. ಮಣ್ಣಿಗೆ ತಿಕ್ಕಿದ್ರ ಅದು ಇರತಿತ್ತೇನು? ನಡುವಿನ ತಗಡು ನೋಡು ಬಾ. ನೇಗಿಲದ ಕುಳದಂಗ ಮಿಂಚತೈತಿ. ಎರಿಮಣ್ಣು ತಿಕ್ಕಿದ ಕಬ್ಬಿಣ ಇದು."

ಮೇಸ್ತ್ರಿಯೂ ಪಕ್ಕದಲ್ಲಿ ಮಲಗಿ ನೋಡಿ ಹೌದೆಂದ. ಮಾವ ಹೊರಗೆ ಬರಲಿಲ್ಲ. ಇದು ಏನು, ಅದು ಏನು ಎಂದು ಒಂದೊಂದನ್ನೂ ಮುಟ್ಟಿ ಕೇಳತೊಡಗಿದರು. ಇಬ್ಬರೂ ಕೆಳಗೇ ಮಲಗಿ ಮಾತಾಡಿದರು. ಬಂಡಿಯ ಅಚ್ಚಿಗೂ ಇದಕ್ಕೂ ಏನು ಫರಕು, ಮುಂದಿನ ಗಾಲಿ ಎಳೆಯುವುದು ಹೇಗೆ, ಎಲ್ಲ. ಶಾಂತಕ್ಕ ಚಹಾ ತಂದು ಎರಡು ಜೊತೆ ಪಾದದ ಹತ್ತಿರ ಇಟ್ಟಳು.

ಮಾವ ಎದ್ದು ಬಂದಾಗ ಹಣೆಯ ಮೇಲೆ ಕರಿ ಎಣ್ಣೆಯ ಬೊಟ್ಟು. ಮಗನಿಗೆ ಹೇಳಿದರು. "ನಾಕು ಬೆರಳು ಸಾಕು. ಹುಲ್ಲು ಎತ್ತರ ಹೇರಿದ ಬಂಡಿ ಕಾಲುವಿ ದಂಡಿ ಮ್ಯಾಲೆ ಹೆಂಗ ಓಲತೈತಿ ಕಂಡೀಯಿಲ್ಲೋ? ಹೆಣ್ಣುಮಕ್ಕಳು ಕುಂಡ್ರು ಗಾಡಿ ಇದು."

"ಯಾರ ಬೆರಳು ಯಜ್ಜಾ?" ಮೇಸ್ತ್ರಿ ತನ್ನ ಸಣ್ಣ ಕೈ ತೋರಿಸಿ ಕೇಳಿದ. ಮಾವ ಉಳುವ ರಂಟೆ ಹಿಡಿದು ದಪ್ಪಗಾದ ತಮ್ಮ ಕೈಯನ್ನು ಜೀಪಿನ ಕೆಳಗೆ ಅಡ್ಡ ಹಿಡಿದರು. ಆ ಕೈಯೇ ಅಳತೆಯಾಯಿತು.

ಪಕೀರಪ್ಪ ಟೈರಿನ ಆಸೆ ಬಿಡಲು ಒಂದಷ್ಟು ಹೊತ್ತು ತಗೊಂಡ. ಜೀಪಿನ ಸುತ್ತ ಎರಡು ಸಲ ತಿರುಗಿದ, ಟೈರನ್ನು ಒದ್ದ, ಮುದುಕವ್ವನ ಮೊಣಕಾಲಿನ ಕಡೆ ನೋಡಿದ. ಕೊನೆಗೆ, "ಪಾಟಾನ ಹಾಕು. ಹಿಂದ ಒಂದು ಮೆಟ್ಟಿಲ ಹಚ್ಚು, ಮುದುಕವ್ವ ಹತ್ತಾಕ" ಎಂದ. ಈ ಸಲ ಮಾತಿನ ಬಾಲ ನುಂಗಲಿಲ್ಲ, ಒಂದೊಂದನ್ನೂ ಬಿಡಿಸಿ ಹೇಳಿದ. ಎಲ್ಲರೂ ಮತ್ತೆ ನಕ್ಕೆವು.

ನಾಲ್ಕೂ ಕಡೆ ಪಟ್ಟಿ ಕೂಡಿಸಿ ಬಿಗಿಯುವುದರಲ್ಲಿ ಹೊತ್ತು ಮುಳುಗಿತು. ಮರುದಿನ ಸಣ್ಣಗೆ ಮಳೆ. ಸಂತೆಗೆ ಇನ್ನೊಂದೇ ದಿನ ಉಳಿದಿತ್ತು. ಕಾಲುವೆಯ ಕೆಳಗಿನ ಹೊಲಕ್ಕೆ ನಾಟಿ ಹಚ್ಚಲು ಹೊರಟೆವು. ತೊಟ್ಟಿಯಲ್ಲಿ ಸಸಿಯ ಕಟ್ಟು, ಅದರ ಮೇಲೆ ನಾವು. ಮುದುಕವ್ವ ಹೊಸ ಮೆಟ್ಟಿಲ ಮೇಲೆ ಕಾಲಿಟ್ಟು, ಯಾರೂ ದಬ್ಬದೆ ತಾನೇ ಹತ್ತಿ, "ನೋಡ್ರೇ" ಎಂದು ನಮ್ಮ ಕಡೆ ಹುಬ್ಬು ಹಾರಿಸಿದಳು. ಮಾವ ಕರೆಯದೆಯೇ ಬಂದು ಮುಂದೆ ಕೂತರು. ಅದುವರೆಗೆ ಅವರು ಆ ಜೀಪು ಹತ್ತಿದವರಲ್ಲ.

"ಸಾಕ್ಷಿ ಬೇಕಲ್ಲ" ಎಂದರು.

ದಾರಿ ಮೊದಲಿಗಿಂತ ಕೆಟ್ಟಿತ್ತು. ಜೀಪು ಎರಡು ಸಲ ಕೂತಿದ್ದ ಜಾಗ ಹತ್ತಿರ ಬಂತು. ಪಕೀರಪ್ಪ ಜೀಪು ನಿಲ್ಲಿಸಿ ಸಣ್ಣ ಗೇರು ಎಳೆದ. ಶಾಂತಕ್ಕ ನನ್ನ ಕೈ ಹಿಡಿದಳು, ಹೊಸ ಬಳೆ ಒತ್ತಿ ನೋವಾಯಿತು, ನಾನು ಬಿಡಿಸಿಕೊಳ್ಳಲಿಲ್ಲ. ಜೀಪು ಕೊರಕಲಿಗೆ ಇಳಿಯಿತು. ಕೆಳಗೆ ಹುಲ್ಲು ಸವರಿದ ಸದ್ದು ಕೇಳಿಸಿತು. ಹೊಟ್ಟೆಗೆ ಮಣ್ಣು ತಿಕ್ಕುವ ಆ ಗರಗರ ಸದ್ದಿಗಾಗಿ ಕಿವಿಗೊಟ್ಟು ಕೂತೆ. ಬರಲಿಲ್ಲ. ಬಲಕ್ಕೆ ಓಲಿತು, ಎಡಕ್ಕೆ ಓಲಿತು, ಮುಂದಿನ ಗಾಲಿ ಕೆಸರು ಕಚ್ಚಿ ಎಳೆಯಿತು. ನೋಡುನೋಡುತ್ತ ಗಟ್ಟಿ ದಾರಿಗೆ ಬಂದುಬಿಟ್ಟೆವು.

ಹೆಂಗಸರೆಲ್ಲ ಕೂಗಿದ ಕೂಗಿಗೆ ಗದ್ದೆಯ ಬೆಳ್ಳಕ್ಕಿ ಹಾರಿದವು. ಪಕೀರಪ್ಪ ತಂದೆಯ ಕಡೆ ನೋಡಲಿಲ್ಲ. ಸ್ಟೇರಿಂಗಿನ ಮೇಲೆ ಗದ್ದ ಊರಿ ಕೂತ. ಮಾವ ಮುಂದಿನ ಕಂಬಿ ಹಿಡಿದಿದ್ದ ಕೈ ಬಿಟ್ಟು, ಮೀಸೆ ಒರೆಸಿಕೊಂಡು, ಮಳೆಯ ಕಡೆ ನೋಡುತ್ತ ಕೂತರು.

ನಮ್ಮ ಹೊಲದ ಬದು ಬಂತು. ಜೀಪು ನಿಲ್ಲುವ ಮೊದಲೇ ಮಾವ ಹೇಳಿದರು.

"ನಿಲ್ಲಿಸಬ್ಯಾಡ. ನಡಿ ಮುಂದ, ಗಂಗಾವತಿತನಕ. ಹೊನ್ನೂರಪ್ಪಗ ಎತ್ತು ಹೊಡಕೊಂಡು ಹೋಗಂತ ನಾನ ಹೇಳಬೇಕು. ಬೇರೆಯವರ ಕೈಯಾಗ ಹೇಳಿಕಳಿಸೂದು ಬ್ಯಾಡ."

"ಅಯ್ಯ, ನಮ್ಮನ್ನಾರ ಇಳಿಸ್ರೋ!" ಮುದುಕವ್ವ ತೊಟ್ಟಿಯ ತಗಡು ಬಡಿದಳು. "ನೆಲ್ಲು ಯಾರು ಹಚ್ಚಬೇಕು, ನಿಮ್ಮಪ್ಪನೇನು?"

ಪಕೀರಪ್ಪ ಜೀಪು ನಿಲ್ಲಿಸಿದ. ನಾವು ಸಸಿಯ ಕಟ್ಟುಗಳನ್ನು ಇಳಿಸಿಕೊಂಡು ಗದ್ದೆಗೆ ಇಳಿದೆವು. ಅಪ್ಪ ಮಗ ಇಬ್ಬರೇ ಮಳೆಯಲ್ಲಿ ಮುಂದೆ ಹೋದರು. ಬಹಳ ದೂರದವರೆಗೆ ಮಾವನ ದನಿ ಕೇಳುತ್ತಿತ್ತು. ಎಡಕ್ಕೆ ಹಿಡಿ, ಬಲಕ್ಕೆ ಹಿಡಿ ಎಂದು ಹೇಳಿಕೊಡುತ್ತಿದ್ದರು.