ಸಿನಿಮಾ ಮುಗಿದ ಮೇಲಿನ ಚರ್ಚೆ

ಮುಂಬಯಿ ಪಕ್ಕದ ಠಾಣೆಯ ನಮ್ಮ ಕನ್ನಡ ಸಂಘದಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸಲು ಶುರು ಮಾಡಿದವರು ನಾನು ಮತ್ತು ನನ್ನ ಗೆಳತಿ. ಅವಳು ವಿಜಯಪುರದ ಕಡೆಯವಳು, ವಾಶಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ನನ್ನ ಆಫೀಸೂ ವಾಶಿಯಲ್ಲೇ. ಹನ್ನೊಂದು ವರ್ಷ ಒಂದೇ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಹೋಗಿಬಂದಿದ್ದೇವೆ.

ಫ್ರೆಂಚ್ ಸಿನಿಮಾಗಳ ಹುಚ್ಚು ನನಗೆ ಹಿಡಿಸಿದವಳೂ ಅವಳೇ. ಮಕ್ಕಳು ದೊಡ್ಡವರಾಗುವ ಕಥೆಗಳೆಂದರೆ ಇಬ್ಬರಿಗೂ ಪ್ರಾಣ. ಮುಟ್ಟು, ತಾಯಿಯ ಹೊಸ ಗೆಳೆಯ, ಮನೆಯೊಳಗಿನ ಸಾವು, ಹೀಗೆ ನಾವು ಮಕ್ಕಳೆದುರು ನುಂಗಿಕೊಳ್ಳುವುದನ್ನೆಲ್ಲ ಆ ನಿರ್ದೇಶಕರು ತೋರಿಸುತ್ತಾರೆ, ಆದರೆ ಯಾರಿಗೂ ಬುದ್ಧಿ ಹೇಳಲು ಹೋಗುವುದಿಲ್ಲ. ಮಗುವಿನ ಮುಖವನ್ನು ನೋಡುತ್ತ ಸುಮ್ಮನಿರುತ್ತಾರೆ.

ಕಳೆದ ವರ್ಷ ಅಂಥದೊಂದನ್ನು ನಾನೇ ಆರಿಸಿದೆ. ಹದಿಮೂರರ ಹುಡುಗಿ. ಅಪ್ಪ ತಾನಾಗಿಯೇ ಪ್ರಾಣ ಕಳೆದುಕೊಂಡಿದ್ದಾನೆ, ಮನೆಯವರು ಬೇರೇನೋ ಹೇಳಿ ಮುಚ್ಚಿಟ್ಟಿದ್ದಾರೆ. ಅದನ್ನೇ ಯಾಕೆ ಆರಿಸಿದೆನೆಂಬುದು ಗೆಳತಿಗೊಬ್ಬಳಿಗೇ ಗೊತ್ತಿತ್ತು. ನಾನು ಹನ್ನೆರಡರಲ್ಲಿದ್ದಾಗ ನನ್ನ ಅಪ್ಪ ತೀರಿಕೊಂಡರು. ಹಾರ್ಟ್ ಅಟ್ಯಾಕ್ ಎಂದಳು ಅಮ್ಮ. ಎರಡು ವರ್ಷದ ನಂತರ ರೇಷನ್ ಕಾರ್ಡ್ ಹುಡುಕುವಾಗ ಅಪ್ಪನ ಸಾವಿನ ಬಗ್ಗೆ ಪೊಲೀಸರು ಬರೆದುಕೊಂಡ ಮರಾಠಿ ಕಾಗದ ಸಿಕ್ಕಿತು. ಅಮ್ಮನಿಗೆ ಆ ಲಿಪಿ ಬಾರದು. ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ. ಓದಿ, ಇದ್ದಲ್ಲೇ ಇಟ್ಟೆ. ಅಮ್ಮನಿಗೆ ಹೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಲೋಕಲ್ ಐರೋಳಿಯಲ್ಲಿ ಕೆಟ್ಟು ನಿಂತ ಒಂದು ಸಂಜೆ, ಗೆಳತಿಗೆ ಹೇಳಿದ್ದೆ.

ಅಂದು ಸಿನಿಮಾ ಮುಗಿದು ಚರ್ಚೆ ಶುರುವಾಯಿತು. ಹಿರಿಯ ಸದಸ್ಯರೊಬ್ಬರು ಎದ್ದು, "ಇದೆಲ್ಲ ಆ ದೇಶದವರ ಕಥೆ. ನಮ್ಮ ಮನೆಗಳಲ್ಲಿ ಇಂಥದ್ದು ಉಂಟಾ?" ಎಂದರು.

ಗೆಳತಿ ಮೈಕು ತೆಗೆದುಕೊಂಡಳು. "ಹಂಗ ಅನಬ್ಯಾಡ್ರಿ ಸರ್. ನಮ್ಮ ಗೆಳತೀನ ಇಲ್ಲಿ ಕೂತಾಳ. ಅವರಪ್ಪನೂ ಹಿಂಗ ಹೋದವರು. ಹಾರ್ಟ್ ಅಟ್ಯಾಕ್ ಅಂತ ಸುಳ್ಳು ಹೇಳಿ ಬೆಳೆಸ್ಯಾರ ಈಕೀನ."

ಎಲ್ಲರೂ ನನ್ನತ್ತ ತಿರುಗಿದರು. ಆಮೇಲೆ, ನನ್ನ ಪಕ್ಕದಲ್ಲಿದ್ದ ಅಮ್ಮನತ್ತ. ಅಮ್ಮ ಸೆರಗು ಸರಿಮಾಡಿಕೊಂಡು ಖಾಲಿ ಪರದೆಯನ್ನೇ ನೋಡುತ್ತಿದ್ದಳು.

ಮೆಟ್ಟಿಲ ಬಳಿ ಗೆಳತಿ ನನ್ನ ಕೈ ಹಿಡಿದಳು. "ಸಿಟ್ಟಾದೇನು? ಇಂಥಾದ್ದು ಬಾಯಿಬಿಟ್ಟು ಮಾತಾಡ್ಲಿ ಅಂತನ ಅಲ್ಲೇನು ನಾವು ಈ ಸಿನಿಮಾ ತೋರಿಸೋದು?"

"ಅದು ನಾನು ಹೇಳಬೇಕಾದ ಮಾತಾಗಿತ್ತು, ನೀನಲ್ಲ," ಎಂದು ಕೈ ಬಿಡಿಸಿಕೊಂಡೆ.

ರಿಕ್ಷಾ ನಮ್ಮ ಮನೆಯಿರುವ ಕೋಪರಿಗೆ ತಿರುಗಿದಾಗ ಅಮ್ಮ ಕೇಳಿದಳು.

"ನಿಂಗೆ ಯಾವಾಗಿಂದ ಗೊತ್ತು?"

"ಹದಿನಾಲ್ಕು ವರ್ಷ ಇರುವಾಗಿನಿಂದ."

"ನನ್ನ ಹತ್ರ ಕೇಳ್ಲಿಲ್ಲ. ಅವಳ ಹತ್ರ ಹೇಳಿದ್ದಿ."

ಅಲ್ಲಿಯವರೆಗೆ ಮೋಸ ಹೋದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಒಂಬತ್ತು ದಿನ ಮನೆಯಲ್ಲಿ ಅಗತ್ಯಕ್ಕೆ ತಕ್ಕಷ್ಟೇ ಮಾತು. ಹತ್ತನೆಯ ದಿನ ಅಲಸಂಡೆ ಮುರಿಯುತ್ತಿದ್ದ ಅಮ್ಮ ತಲೆ ಎತ್ತದೆ, ತನ್ನ ತವರಿನ ತುಳುವಿನಲ್ಲಿ, ಅಪ್ಪನ ಕೊನೆಯ ವಾರವನ್ನು ಹೇಳತೊಡಗಿದಳು. ಅವರಿಗೆ ನಿದ್ದೆಯೇ ಬರುತ್ತಿರಲಿಲ್ಲವಂತೆ. ಡಾಕ್ಟರರ ಹತ್ತಿರ ಹೋಗೋಣವೆಂದರೆ ಜನ ಏನೆಂದುಕೊಂಡಾರು ಎನ್ನುತ್ತಿದ್ದರಂತೆ. ನಾನು ಪಕ್ಕದಲ್ಲಿ ಕೂತು ಕೇಳಿದೆ.

ಅಮ್ಮ ಹೇಳಿದ್ದು ಆ ಚರ್ಚೆಯಿಂದಾಗಿಯೇ ಎಂದು ನನಗೆ ಗೊತ್ತು. ಆದರೂ ಗೆಳತಿಯನ್ನು ಕ್ಷಮಿಸಲು ಆಗಿಲ್ಲ. ಈಗ ನಾನು ಅವಳು ಹತ್ತುವುದಕ್ಕಿಂತ ಮುಂಚಿನ ಲೋಕಲ್ಲಿಗೆ ಹೋಗುತ್ತೇನೆ.