ಅತ್ತೆಯ ಕಟಿಂಗ್ ನಕ್ಷೆಗಳು

ಲ್ಯಾಪ್‌ಟಾಪ್ ಕೈಕೊಟ್ಟರೆ ಅತ್ತೆಗೆ ಏನೆಂದು ಹೇಳುವುದು? ಮಗುವಿಗೆ ಉಣಿಸುವಾಗಲೂ ಸೊಸೆಗೆ ಅದೇ ಚಿಂತೆ. ‘ಹಾರ್ಡ್ ಡಿಸ್ಕ್ ಕೆಡುತ್ತಿದೆ’ ಎಂದು ಅದು ಮೂರು ವಾರದಿಂದ ಎಚ್ಚರಿಸುತ್ತಿದ್ದರೂ, ನಾಳೆ ನೋಡಿದರಾಯಿತೆಂದು ಮುಚ್ಚಿಬಿಡುತ್ತಿದ್ದಳು. ಒಳಗಿದ್ದದ್ದು ಟೈಲರ್ ಅತ್ತೆಯ ನಲವತ್ತು ವರ್ಷದ ಕಟಿಂಗ್ ನಕ್ಷೆಗಳು. ಸ್ಕ್ಯಾನ್ ಮಾಡಿ, “ಇನ್ನು ಈ ಕಸ ಯಾಕತ್ತೆ?” ಎಂದು ಕಾಗದವನ್ನೆಲ್ಲ ರದ್ದಿಗೆ ಹಾಕಿಸಿದವಳೂ ಅವಳೇ.

“ನೀನು ಓದಿದವಳು, ನಿನಗೆ ಗೊತ್ತಿರುತ್ತೆ ಬಿಡಮ್ಮ,” ಎಂದಿದ್ದರು ಅತ್ತೆ.

ಕೊನೆಗೊಂದು ಬೆಳಿಗ್ಗೆ ಲ್ಯಾಪ್‌ಟಾಪ್ ಟಕಟಕ ಸದ್ದು ಮಾಡಿ ಸುಮ್ಮನಾಯಿತು. ರಿಪೇರಿಯವನ ಬಳಿಗೆ ಓಡಿದಳು.

“ಅಲ್ಲಕ್ಕಾ, ಅದು ಅಷ್ಟು ಬಡ್ಕೊಂಡ್ರೂ ಕೇಳಿಸ್ಲಿಲ್ವಾ? ಅರ್ಧ ಸಿಕ್ಕರೆ ಪುಣ್ಯ. ಯಾವ ಫೈಲ್ ಮೊದಲು ತೆಗೀಲಿ?”

ಅದು ಅವಳಿಗೆಲ್ಲಿ ಗೊತ್ತು? ಅಂಗಡಿಯ ಮೆಟ್ಟಿಲಿಳಿದು ಅತ್ತೆಗೆ ಫೋನ್ ಮಾಡಿದಳು.

“ಅತ್ತೆ, ನಾನೊಂದು ತಪ್ಪು ಮಾಡ್ಬಿಟ್ಟೆ. ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಯಾವ್ಯಾವ ನಕ್ಷೆ ಉಳೀಲೇಬೇಕು, ಅದನ್ನ ಮೊದಲು ಹೇಳಿ.”